ಖೋಲಿಯೊಳಗಿನ ಛಾಯಾಗ್ರಹಣ: ದಿನಕ್ಕೊಂದು ಶಬ್ದ, ದಿನಕ್ಕೊಂದು ಚಿತ್ರ

ಊರಿನ ಮನೆಯ ಪಡಸಾಲೆಯ ಗೋಡೆಯನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿರಿ. ದೇವರ ಪಟಗಳ ಸಾಲಿನ ಕೆಳಗೋ, ಗಡಿಯಾರದ ಪಕ್ಕದಲ್ಲೋ, ಪರಸ್ಥಳಕ್ಕೆ ದುಡಿಯಲು ಹೋದ ಅಜ್ಜನದೋ ದೊಡ್ಡಪ್ಪನದೋ ಒಂದು ಛಾಯಾಚಿತ್ರ ಹಲವು ಮನೆಗಳಲ್ಲಿ ಇದ್ದೇ ಇರುತ್ತದೆ. ಯಾರದೋ ಕೋಟು, ಎಣ್ಣೆ ಹಚ್ಚಿ ಬಾಚಿದ ಕ್ರಾಪು, ಪಕ್ಕದಲ್ಲಿ ಕಾಗದದ ಹೂವಿನ ಕುಂಡ, ಹಿಂದುಗಡೆ ಪರದೆಯ ಮೇಲೆ ಬಣ್ಣದಲ್ಲಿ ಬರೆದ ಕಂಬಗಳ ಸಾಲು, ಒಂದು ಸರೋವರ. ಆ ಸರೋವರ ಸ್ಟುಡಿಯೋದವರದು. ಆ ಮನುಷ್ಯ ನಿಜವಾಗಿ ಮಲಗುತ್ತಿದ್ದ ಹೋಟೆಲಿನ ಅಟ್ಟ, ಆತನ ತಗಡಿನ ಟ್ರಂಕು, ನಾಲ್ವರು ಸರದಿಯಂತೆ ಬೇಯಿಸಿಕೊಳ್ಳುತ್ತಿದ್ದ ಸೀಮೆಎಣ್ಣೆ ಸ್ಟೋವು, ರಾತ್ರಿಶಾಲೆಯ ಪುಸ್ತಕಗಳನ್ನಿಡುತ್ತಿದ್ದ ಗೋಡೆಯ ಗೂಡು, ಇವುಗಳ ಚಿತ್ರ ಎಷ್ಟು ಮನೆಗಳಲ್ಲಿ ಇದ್ದೀತು? ಮಗನು ಹೇಗೆ ಕಾಣುತ್ತಾನೆಂಬುದು ತಾಯಿಗೆ ತಿಳಿಯಿತು. ಎಲ್ಲಿರುತ್ತಾನೆಂಬುದು ಕೊನೆಯವರೆಗೂ ತಿಳಿಯಲಿಲ್ಲ.

ಅಂದಿನವರಿಗೆ ಒಂದು ಸಬೂಬಾದರೂ ಇತ್ತು. ಚಿತ್ರವೆಂದರೆ ಹಣದ ಮಾತು. ಮನೆಯಲ್ಲಿ ಆಗ್ಫಾ ಕ್ಲಿಕ್ ಪೆಟ್ಟಿಗೆ ಇದ್ದವರಿಗೂ ಒಂದು ಸುರುಳಿಗೆ ಬರುತ್ತಿದ್ದುದು 12 ಚಿತ್ರ ಮಾತ್ರ. ಮದುವೆಗೋ ನಾಮಕರಣಕ್ಕೋ ಮೀಸಲಿಟ್ಟ ಹನ್ನೆರಡರಲ್ಲಿ ಒಂದನ್ನು ನೀರಿನ ಹಂಡೆಗೆ ಖರ್ಚು ಮಾಡುವವರಾರು? ಇಂದು ಆ ಸಬೂಬು ಉಳಿದಿಲ್ಲ. ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ಹೆಚ್ಚಿನವರ ಅಂಗಿಯ ಜೇಬಿನಲ್ಲಿ ಕ್ಯಾಮರಾ ಉಳ್ಳ ದೂರವಾಣಿ ಇದೆ. ಆದರೂ ಅದರೊಳಗಿನ ಚಿತ್ರಗಳನ್ನು ತೆರೆದು ನೋಡಿದರೆ ಚೌಪಾಟಿ, ಇಂಡಿಯಾ ಗೇಟು, ಚಾರ್ಮಿನಾರು, ಗಣಪತಿಯ ಮಂಟಪ, ಗೆಳೆಯನ ಮದುವೆ, ಅಲ್ಲಿಗೆ ಮುಗಿಯಿತು. ವರ್ಷದ ಮುನ್ನೂರು ರಾತ್ರಿಗಳನ್ನು ಕಳೆಯುವ ಖೋಲಿಯ ಚಿತ್ರ ಒಂದೂ ಇರುವುದಿಲ್ಲ. ಕೇಳಿದರೆ, ‘ಇಲ್ಲೇನಿದೆ ತೆಗೆಯಲಿಕ್ಕೆ?’ ಎಂಬ ಉತ್ತರ ಬರುತ್ತದೆ. ಈ ಉತ್ತರವನ್ನೇ ಸ್ವಲ್ಪ ಪರೀಕ್ಷಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಛಾಯಾಗ್ರಹಣದ ಕಲೆ ಹುಟ್ಟಿದ್ದೇ ಮನೆಯೊಳಗೆ ಎಂಬುದನ್ನು ಮೊದಲು ನೆನೆಯಬೇಕು. ಇಂದಿಗೂ ಉಳಿದುಬಂದಿರುವ, ಕ್ಯಾಮರಾದಿಂದ ತೆಗೆದ ಚಿತ್ರಗಳಲ್ಲಿ ಅತ್ಯಂತ ಹಳೆಯದು ಫ್ರಾನ್ಸಿನ ನಿಸೆಫೋರ್ ನಿಯೆಪ್ಸ್ ಎಂಬಾತ 1826 ಅಥವಾ 1827ರಲ್ಲಿ ತನ್ನ ಹಳ್ಳಿಮನೆಯ ಮಾಳಿಗೆಯ ಕಿಟಕಿಯಿಂದ ತೆಗೆದದ್ದು. ತವರ ಬೆರೆತ ಲೋಹದ ತಗಡಿಗೆ ಒಂದು ಬಗೆಯ ಡಾಮರನ್ನು ಲೇಪಿಸಿ, ಕಡಿಮೆಯೆಂದರೂ ಎಂಟು ಗಂಟೆಗಳ ಕಾಲ ಬೆಳಕಿಗೆ ಒಡ್ಡಿ ಅದನ್ನು ಪಡೆಯಲಾಯಿತು. ಅಷ್ಟು ಹೊತ್ತಿನಲ್ಲಿ ಸೂರ್ಯನು ಅಂಗಳದ ಒಂದು ಬದಿಯಿಂದ ಇನ್ನೊಂದು ಬದಿಗೆ ಹೋದುದರಿಂದ ಎದುರುಬದುರಿನ ಗೋಡೆಗಳೆರಡೂ ಬಿಸಿಲಿನಲ್ಲಿ ಬೆಳಗಿದಂತೆ ಚಿತ್ರದಲ್ಲಿ ಕಾಣುತ್ತವೆ. ಇಂಗ್ಲೆಂಡಿನ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ 1835ರಲ್ಲಿ ತೆಗೆದ, ಅಂಚೆಚೀಟಿಯಷ್ಟೇ ಅಗಲದ ಚಿತ್ರ ಕೂಡ ಆತನ ಮನೆಯ ಒಂದು ಜಾಲರಿ ಕಿಟಕಿಯದು. ಭೂತಗನ್ನಡಿ ಹಿಡಿದು ನೋಡಿದರೆ ಅದರ ಸುಮಾರು 200 ಗಾಜಿನ ಚೌಕಗಳನ್ನು ಎಣಿಸಬಹುದೆಂದು ಆತ ಬರೆದಿಟ್ಟಿದ್ದಾನೆ. 1844ರಲ್ಲಿ ಅದೇ ಟಾಲ್ಬಟ್ ತೆಗೆದ ಪ್ರಸಿದ್ಧ ಚಿತ್ರದಲ್ಲಿ ಇರುವುದೇನು? ತೆರೆದ ಒಂದು ಬಾಗಿಲು, ಅದಕ್ಕೆ ಆನಿಸಿಟ್ಟ ಒಂದು ಪೊರಕೆ. ಪ್ರಪಂಚದ ಮೊದಲ ಛಾಯಾಗ್ರಾಹಕರಿಗೆ ಪೊರಕೆ ಸಾಕಾಯಿತು. ನಮಗೆ ಮಾತ್ರ ತಾಜಮಹಲೇ ಬೇಕಾಗಿದೆ.

ಇರಲಿ. ‘ಮನೆಯಲ್ಲಿ ಏನು ಬೇಕಾದರೂ ತೆಗೆಯಿರಿ’ ಎಂದು ಹೇಳಿದರೆ ಕೆಲಸವಾಗದು. ಏನು ಬೇಕಾದರೂ ಮಾಡಬಹುದು ಎಂದಾಗಲೇ ಬುದ್ಧಿಗೆ ಮಂಕು ಕವಿಯುವುದು. ಇದನ್ನು ನಮ್ಮ ಹಿರಿಯರು ಚೆನ್ನಾಗಿ ಅರಿತಿದ್ದರು. ಅವಧಾನದ ಸಭೆಯಲ್ಲಿ ಪೃಚ್ಛಕನು ಕವಿಗೆ ‘ಒಂದು ಪದ್ಯ ಹೇಳು’ ಎನ್ನುವುದಿಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದಗಳನ್ನು ಕೊಟ್ಟು, ಅವುಗಳನ್ನು ಸೇರಿಸಿಕೊಂಡು ಪದ್ಯ ಕಟ್ಟು ಎನ್ನುತ್ತಾನೆ. ಇದು ದತ್ತಪದಿ. ಮತ್ತೊಬ್ಬನು ಇಂಥ ಅಕ್ಷರ ಬರಕೂಡದೆಂದು ಅಡ್ಡಗಟ್ಟುತ್ತಾನೆ. ಅದು ನಿಷೇಧಾಕ್ಷರಿ. ಈ ಕಟ್ಟುಪಾಡುಗಳು ಕವಿಯ ಕಾಲಿಗೆ ಬೇಡಿಯಂತೆ ಕಂಡರೂ ಅವುಗಳಿಂದಲೇ ಆತನ ಬುದ್ಧಿ ಓಡತೊಡಗುತ್ತದೆ. ಛಾಯಾಗ್ರಹಣದ ಅಭ್ಯಾಸಕ್ಕೂ ಇದೇ ಉಪಾಯ ಸಲ್ಲುತ್ತದೆ. ದಿನಕ್ಕೊಂದು ದತ್ತಪದ, ಆ ಪದಕ್ಕೆ ತಕ್ಕಂತೆ, ಹೊಸ್ತಿಲು ದಾಟದೆ, ಒಂದು ಚಿತ್ರ. ಶಾಲೆಯಲ್ಲಿ ದಿನಕ್ಕೊಂದು ಪುಟ ಕಾಪಿ ಬರೆದು ಅಕ್ಷರ ತಿದ್ದಿಕೊಂಡವರಿಗೆ ಇದು ಹೊಸದೆನಿಸಲಾರದು.

ಸಿದ್ಧತೆಯೇನೂ ದೊಡ್ಡದಲ್ಲ. ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಕತ್ತರಿಸಿ ಮೂವತ್ತು ಚೀಟಿ ಮಾಡಿಕೊಳ್ಳಿರಿ. ಒಂದೊಂದರ ಮೇಲೆ ಒಂದು ಪದ ಬರೆದು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಡಿರಿ. ಬೆಳಿಗ್ಗೆ ಮುಖ ತೊಳೆದ ಮೇಲೆ ನೋಡದೆ ಒಂದನ್ನು ಎತ್ತಬೇಕು. ಬೆಳಿಗ್ಗೆಯೇ ಏಕೆಂದರೆ, ಪದ ಸಿಕ್ಕ ಮೇಲೆ ಮನಸ್ಸು ದಿನವಿಡೀ ಅದನ್ನು ಅಗಿಯುತ್ತಿರುತ್ತದೆ. ‘ಹಿಡಿ’ ಎಂದು ಚೀಟಿ ಬಂದರೆ ರೈಲಿನಲ್ಲಿ ತೂಗಾಡುವ ಹಿಡಿಕೆ, ಕಚೇರಿಯ ಬೀರುವಿನ ಹಿಡಿ, ಕ್ಯಾಂಟೀನಿನ ಚಹಾ ಕಪ್ಪಿನ ಕಿವಿ, ಎಲ್ಲವೂ ತಾವಾಗಿ ಕಣ್ಣಿಗೆ ಬೀಳುತ್ತವೆ. ಅವುಗಳನ್ನು ತೆಗೆಯುವ ಅಗತ್ಯವಿಲ್ಲ. ಸಂಜೆ ಖೋಲಿಗೆ ಬಂದಾಗ ಬಾಣಲೆಯ ಸುಟ್ಟ ಹಿಡಿಯೋ, ಕೊಡೆಯ ಬಾಗಿದ ಹಿಡಿಯೋ ಮೊದಲ ಬಾರಿಗೆ ಕಂಡಂತೆ ಕಾಣುವುದು. ಪ್ರಯಾಣದ ಒಂದು ಗಂಟೆ ಹೀಗೆ ಉಪಯೋಗಕ್ಕೆ ಬಂದಿತೆಂದರೆ ಅದೂ ಒಂದು ಲಾಭವೇ.

ಪದಗಳನ್ನು ಆರಿಸುವುದರಲ್ಲಿ ಮಾತ್ರ ಎಚ್ಚರ ಬೇಕು. ಸೌಂದರ್ಯ, ಪ್ರೇಮ, ಸಂತೋಷ, ಏಕಾಂತ ಮುಂತಾದ ದೊಡ್ಡ ಪದಗಳನ್ನು ಡಬ್ಬಿಗೆ ಸೇರಿಸಬಾರದೆಂಬುದು ನನ್ನ ಅಭಿಪ್ರಾಯ. ಅಂಥ ಪದ ಬಂದ ದಿನ ಮನುಷ್ಯ ಅಗರಬತ್ತಿ ಹಚ್ಚಿಟ್ಟು, ಹೂವೊಂದನ್ನು ಪುಸ್ತಕದ ಮೇಲಿಟ್ಟು, ಎಲ್ಲೋ ನೋಡಿದ ಚಿತ್ರವನ್ನೇ ಇನ್ನೊಮ್ಮೆ ತೆಗೆಯುತ್ತಾನೆ. ಕೈಗೆ ತಾಗುವ ಪದಗಳೇ ಲೇಸು: ಚಿಲಕ, ಹಬೆ, ಗಂಟು, ಸೊಕ್ಕು, ಬಿರುಕು, ತೂತು, ಜೋಡಿ, ಅರ್ಧ. ಕ್ರಿಯಾಪದಗಳೂ ಒಳ್ಳೆಯವು: ಒಣಗುವುದು, ತೂಗುವುದು, ಸೋರುವುದು, ಕಾಯುವುದು. ಬೆಳಕಿಗೆ ಸಂಬಂಧಿಸಿದ ಕೆಲವಿರಲಿ: ಬಿಳಿಯ ಮೇಲೆ ಬಿಳಿ, ಗೋಡೆಯ ನೆರಳು, ನೀರಿನಲ್ಲಿ ಬಿಂಬ. ವಾರಕ್ಕೊಂದರಂತೆ ನಿಷೇಧಾಕ್ಷರಿಯ ಚೀಟಿಯೂ ಸೇರಲಿ. ‘ಇಂದು ನಿಂತು ತೆಗೆಯಕೂಡದು’, ‘ಇಂದು ದೀಪ ಹಾಕಕೂಡದು’, ‘ಇಂದು ಯಾವ ವಸ್ತುವೂ ಇಡಿಯಾಗಿ ಕಾಣಿಸಕೂಡದು’. ನೆಲದ ಮೇಲೆ ಕುಳಿತು ತೆಗೆದ ದಿನ ಗೊತ್ತಾಗುತ್ತದೆ, ನಾವು ಬದುಕುವುದೆಲ್ಲ ನೆಲದ ಮಟ್ಟದಲ್ಲಿ, ಚಿತ್ರ ತೆಗೆಯುವುದು ಮಾತ್ರ ಎದೆಯ ಮಟ್ಟದಿಂದ ಎಂದು. ಚಾಪೆ, ತಟ್ಟೆ, ಟ್ರಂಕು, ಮಗು ಇವೆಲ್ಲ ಮೇಲಿನಿಂದ ನೋಡಿದಾಗ ತಮ್ಮ ಮುಖ ತೋರಿಸುವುದಿಲ್ಲ.

ಇನ್ನು ಬೆಳಕಿನ ವಿಚಾರ. ಈ ವಿದ್ಯೆಯ ಮುಕ್ಕಾಲು ಪಾಲು ಇದೇ ಆದುದರಿಂದ ತುಸು ವಿಸ್ತಾರವಾಗಿ ಹೇಳುವುದು ಅವಶ್ಯ. ಚಾಳಿನ ಖೋಲಿಗೆ ಸಾಮಾನ್ಯವಾಗಿ ಒಂದು ಕಿಟಕಿ, ಒಂದು ಬಾಗಿಲು. ಇದನ್ನು ಕೊರತೆಯೆಂದು ಭಾವಿಸಬೇಕಾಗಿಲ್ಲ. ಒಂದೇ ಕಡೆಯಿಂದ ಬರುವ ಬೆಳಕಿಗಾಗಿ ದೊಡ್ಡ ಸ್ಟುಡಿಯೋಗಳವರು ಹಣ ವ್ಯಯಮಾಡುತ್ತಾರೆ. ಒಂದು ಭಾನುವಾರ ಬೆಳಿಗ್ಗೆ ವಿದ್ಯುದ್ದೀಪವನ್ನೆಲ್ಲ ಆರಿಸಿ, ಒಂದು ಬಟಾಟೆಯನ್ನೋ ತೆಂಗಿನಕಾಯಿಯನ್ನೋ ಕಿಟಕಿಯ ಮುಂದೆ ಸ್ಟೂಲಿನ ಮೇಲೆ ಇಡಿರಿ. ಮೊದಲು ಕಿಟಕಿಗೆ ಬೆನ್ನು ಮಾಡಿ ನಿಂತು ತೆಗೆಯಿರಿ: ಬೆಳಕು ನೇರವಾಗಿ ಬಿದ್ದು ಕಾಯಿ ಚಪ್ಪಟೆಯಾಗಿ ತೋರುತ್ತದೆ. ನಂತರ ಪಕ್ಕಕ್ಕೆ ಸರಿದು, ಕಿಟಕಿ ನಿಮ್ಮ ಎಡಗೈಗೆ ಬರುವಂತೆ ನಿಂತು ತೆಗೆಯಿರಿ: ಒಂದು ಮೈ ಬೆಳಗಿ ಇನ್ನೊಂದು ಮೈ ಕತ್ತಲಾಗಿ, ಕಾಯಿ ಗುಂಡಗಾಗುತ್ತದೆ, ಜುಟ್ಟಿನ ಒಂದೊಂದು ನಾರೂ ಎದ್ದು ಕಾಣುತ್ತದೆ. ಆಮೇಲೆ ಕಿಟಕಿಗೆ ಎದುರಾಗಿ ನಿಂತು ತೆಗೆಯಿರಿ: ಕಾಯಿ ಕಪ್ಪಾಗಿ, ಅದರ ಅಂಚಿಗೆ ಮಾತ್ರ ಬೆಳಕಿನ ಗೆರೆ. ಒಂದೇ ಕಾಯಿ, ಒಂದೇ ಕಿಟಕಿ, ಮೂರು ಚಿತ್ರ. ಈ ಪ್ರಯೋಗಕ್ಕೆ ಹತ್ತು ನಿಮಿಷ ಸಾಕು. ಅಮೆರಿಕದ ಎಡ್ವರ್ಡ್ ವೆಸ್ಟನ್ 1930ರಲ್ಲಿ ಒಂದು ದೊಣ್ಣೆಮೆಣಸಿನಕಾಯಿಯನ್ನು ತಗಡಿನ ಆಲಿಕೆಯೊಳಗಿಟ್ಟು ತೆಗೆದ ಚಿತ್ರ ಲೋಕವಿಖ್ಯಾತವಾಯಿತು. ಆಲಿಕೆಯ ಒಳಮೈ ಬೆಳಕನ್ನು ಸುತ್ತಲಿಂದ ತಿರುಗಿಸಿ ಕಾಯಿಯ ಮೇಲೆ ಹಾಯಿಸಿತು. ಆಲಿಕೆ ನಮ್ಮಲ್ಲೂ ಇದೆಯಷ್ಟೆ.

ಕಿಟಕಿಯಿಂದ ದೂರ ಹೋದಂತೆ ಬೆಳಕು ನಾವೆಣಿಸಿದ್ದಕ್ಕಿಂತ ಬೇಗ ಕುಗ್ಗುತ್ತದೆ. ಚಿಕ್ಕ ಕಿಟಕಿಯಾದರೆ ಒಂದು ಮಾರು ದೂರದಲ್ಲಿದ್ದ ವಸ್ತುವನ್ನು ಎರಡು ಮಾರು ದೂರಕ್ಕೆ ಒಯ್ದಾಗ ಅದರ ಮೇಲಿನ ಬೆಳಕು ಹೆಚ್ಚುಕಡಿಮೆ ಕಾಲುಭಾಗಕ್ಕೆ ಇಳಿಯುವುದು. ನಮ್ಮ ಕಣ್ಣಿನ ಪಾಪೆ ತಾನಾಗಿ ಹಿಗ್ಗುವುದರಿಂದ ಇದು ನಮಗೆ ತಿಳಿಯುವುದಿಲ್ಲ, ಕ್ಯಾಮರಾಕ್ಕೆ ತಿಳಿಯುತ್ತದೆ. ಆದಕಾರಣ ಖೋಲಿಯ ಮೂಲೆಯಲ್ಲಿ ತೆಗೆದ ಚಿತ್ರ ಅಲುಗಿದಂತೆ, ಮರಳು ಎರಚಿದಂತೆ ಬಂದರೆ ಯಂತ್ರವನ್ನು ಬೈಯುವ ಮೊದಲು ವಸ್ತುವನ್ನೇ ಎರಡು ಹೆಜ್ಜೆ ಕಿಟಕಿಯ ಕಡೆಗೆ ತರಬೇಕು. ಬಿಸಿಲು ನೇರವಾಗಿ ಹೊಡೆಯುತ್ತಿದ್ದರೆ ಒಗೆದ ಬಿಳಿಯ ಪಂಚೆಯೊಂದನ್ನು ಕಿಟಕಿಗೆ ಅಡ್ಡಲಾಗಿ ಹರಡಿದರೆ ಬೆಳಕು ಹದವಾಗುತ್ತದೆ. ನೆರಳಿನ ಕಡೆ ತೀರ ಕಪ್ಪಾದರೆ ಆ ಬದಿಗೆ ಒಂದು ದಿನಪತ್ರಿಕೆಯನ್ನೋ ಬಿಳಿಯ ಟವೆಲನ್ನೋ ಹಿಡಿದರೆ ಸಾಕು, ಬೆಳಕು ಹಿಂತಿರುಗಿ ಬೀಳುವುದು.

ನಾವಿರುವ ಊರುಗಳಿಗೆ ತಕ್ಕಂತೆ ಕಿಟಕಿಯ ಸ್ವಭಾವವೂ ಬದಲಾಗುತ್ತದೆ. ದಕ್ಷಿಣಕ್ಕೆ ತೆರೆದ ಕಿಟಕಿಯುಳ್ಳವರು ಡಿಸೆಂಬರ್ ತಿಂಗಳನ್ನು ಬಿಡಬಾರದು. ಆಗ ಮಧ್ಯಾಹ್ನದ ಸೂರ್ಯ ದಿಲ್ಲಿಯಲ್ಲಿ ದಿಗಂತದಿಂದ ಸುಮಾರು 38 ಡಿಗ್ರಿ, ಮುಂಬಯಿಯಲ್ಲಿ ಸುಮಾರು 48 ಡಿಗ್ರಿ, ಚೆನ್ನೈಯಲ್ಲಿ ಸುಮಾರು 53 ಡಿಗ್ರಿ ಎತ್ತರದಲ್ಲಷ್ಟೇ ಇರುವುದರಿಂದ ಬಿಸಿಲು ಖೋಲಿಯ ಒಳಕ್ಕೆ ಉದ್ದವಾಗಿ ಚಾಚುತ್ತದೆ. ದಿಲ್ಲಿಯ ಮಿತ್ರರಿಗೆ ಈ ಭಾಗ್ಯ ಎಲ್ಲರಿಗಿಂತ ಹೆಚ್ಚು, ಮಂಜು ಕವಿಯದ ದಿನಗಳಲ್ಲಿ. ಉತ್ತರದ ಕಿಟಕಿ ವರ್ಷದ ಹೆಚ್ಚು ದಿನ ಸಮನಾದ, ತಣ್ಣನೆಯ ಬೆಳಕು ಕೊಡುತ್ತದೆ. ಚಿತ್ರಕಾರರು ಬಯಸುವುದು ಅದನ್ನೇ. ಆದರೆ ಚೆನ್ನೈಯಲ್ಲಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ, ಮುಂಬಯಿಯಲ್ಲಿ ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ನಡುಹಗಲ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕೆ ವಾಲಿರುತ್ತಾನೆ. ದಿಲ್ಲಿಯಲ್ಲಿ ನಡುಹಗಲಿನಲ್ಲಿ ಹೀಗೆ ಎಂದಿಗೂ ಆಗದು. ಮುಂಬಯಿಯ ಮಳೆಗಾಲವನ್ನು ಛಾಯಾಗ್ರಹಣಕ್ಕೆ ಪ್ರತಿಕೂಲವೆಂದು ಹಲವರು ಎಣಿಸುತ್ತಾರೆ. ಅದು ಸರಿಯಲ್ಲ. ಮೋಡವೆಂಬುದು ಆಕಾಶಕ್ಕೇ ಹರಡಿದ ಬಿಳಿಯ ಪಂಚೆ. ಅದರಡಿಯಲ್ಲಿ ಮುಖಗಳು ಬಹಳ ಚೆನ್ನಾಗಿ ಬರುತ್ತವೆ. ಜೊತೆಗೆ ಖೋಲಿಯ ಉದ್ದಗಲಕ್ಕೂ ಕಟ್ಟಿದ ಹಗ್ಗ, ಒಣಗದ ಅಂಗಿಗಳು, ಮೂಲೆಯಲ್ಲಿ ನೀರಿಳಿಸುತ್ತಿರುವ ಕೊಡೆ. ‘ಒಣಗುವುದು’ ಎಂಬ ಚೀಟಿಗೆ ಇದಕ್ಕಿಂತ ಸಮೃದ್ಧ ಋತು ಇನ್ನಾವುದು?

ಬೆಳಕಿದ್ದಾಗ ನಾವು ಕೆಲಸದಲ್ಲಿರುತ್ತೇವೆ, ಮನೆಗೆ ಬರುವಾಗ ಕತ್ತಲಾಗಿರುತ್ತದೆ ಎಂದು ಕೆಲವರು ಹೇಳಬಹುದು. ಮಾತು ನಿಜ. ರಾತ್ರಿಯ ಚಿತ್ರಕ್ಕೆ ಎರಡು ಸಂಗತಿಗಳನ್ನು ತಿಳಿದಿದ್ದರೆ ಸಾಕು. ಮೊದಲನೆಯದು, ದೀಪ ಒಂದೇ ಬಗೆಯದಿರಲಿ. ಹಳದಿ ಬಲ್ಬು, ನೀಲಿ ಛಾಯೆಯ ಟ್ಯೂಬು ಎರಡೂ ಒಟ್ಟಿಗೆ ಉರಿದರೆ ಮುಖದ ಒಂದು ಕೆನ್ನೆ ಅರಸಿನ, ಇನ್ನೊಂದು ಕೆನ್ನೆ ಬೂದಿ. ಯಾವುದಾದರೂ ಒಂದನ್ನು ಆರಿಸಿರಿ. ಎರಡನೆಯದು, ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು. ಚೋಕು ಹಾಕಿದ ಹಳೆಯ ಟ್ಯೂಬುಗಳೂ ಅಗ್ಗದ ಎಲ್.ಇ.ಡಿ. ದೀಪಗಳೂ ಸೆಕೆಂಡಿಗೆ 100 ಬಾರಿ ಮಂದವಾಗಿ ಬೆಳಗುತ್ತವೆ. ಕಣ್ಣಿಗೆ ಕಾಣದ ಈ ಮಿಣುಕು ಚಿತ್ರದಲ್ಲಿ ಅಡ್ಡಪಟ್ಟೆಗಳಾಗಿ ಮೂಡುವುದುಂಟು. ಕ್ಯಾಮರಾದ ವೇಗವನ್ನು ಕೈಯಾರೆ ಇಡಲು ಬರುವುದಾದರೆ ಸೆಕೆಂಡಿನ ನೂರನೆಯ ಅಥವಾ ಐವತ್ತನೆಯ ಒಂದು ಭಾಗಕ್ಕೆ ಇಟ್ಟರೆ ಪಟ್ಟೆ ಬಹುಮಟ್ಟಿಗೆ ಮಾಯವಾಗುತ್ತದೆ. ರಾತ್ರಿಪಾಳಿಯವರ ಕಷ್ಟ ಬೇರೆ. ಅವರಿಗೆ ಬೆಳಗಿನ ಎಳೆಬಿಸಿಲು ನಿದ್ರೆಯ ಹೊತ್ತು. ಅವರು ಚೀಟಿಯನ್ನು ಎದ್ದ ಮೇಲೆ ಎತ್ತಲಿ; ಮಧ್ಯಾಹ್ನ ನಾಲ್ಕರ ಬೆಳಕು ಅವರ ಪಾಲಿಗಿರುತ್ತದೆ.

ಯಂತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ದೂರವಾಣಿಯ ಮಸೂರದ ಮೇಲೆ ಬೆರಳಿನ ಜಿಡ್ಡು ಸದಾ ಇರುತ್ತದೆ, ತೆಗೆಯುವ ಮುನ್ನ ಮೆತ್ತನೆಯ ಹತ್ತಿಬಟ್ಟೆಯಿಂದ ಒರಸಿರಿ. ಚಿತ್ರ ಮಬ್ಬೆಂದು ದೂರುವವರಲ್ಲಿ ಅರ್ಧದಷ್ಟು ಮಂದಿಯ ಸಂಕಟ ಇದರಿಂದಲೇ ತೀರುವುದೆಂದು ನನ್ನ ಅಂದಾಜು. ಮುಖ್ಯ ವಸ್ತುವಿನ ಮೇಲೆ ಪರದೆಯಲ್ಲಿ ಬೆರಳಿಟ್ಟರೆ ಕ್ಯಾಮರಾ ಅದನ್ನೇ ನೋಡುತ್ತದೆ. ಬೆಳಕು ಎಷ್ಟಿರಬೇಕೆಂಬುದನ್ನು ಅದು ಸರಾಸರಿಯ ಮೇಲೆ ನಿರ್ಧರಿಸುವುದರಿಂದ ಸುಣ್ಣದ ಗೋಡೆ ಬೂದಿಯಾಗಿಯೂ ಕಪ್ಪು ಕಂಬಳಿ ಮಾಸಿದಂತೆಯೂ ಬರುವುದುಂಟು. ಆಗ ಪರದೆಯ ಮೇಲೆ ಕಾಣುವ ಸೂರ್ಯನ ಗುರುತನ್ನು ಜರಗಿಸಿ, ಬಿಳಿಗೆ ಬೆಳಕನ್ನು ಹೆಚ್ಚಿಸಿ, ಕಪ್ಪಿಗೆ ತಗ್ಗಿಸಬೇಕು. ಬೆರಳಿನಿಂದ ಹಿಗ್ಗಿಸಿ ಹತ್ತಿರ ತರುವುದು ಬೇಡ. ಕಾಲಿನಿಂದಲೇ ಹತ್ತಿರ ಹೋಗಿರಿ. ಮುಖದ ವಿಷಯದಲ್ಲಿ ಮಾತ್ರ ಇದಕ್ಕೆ ವಿರುದ್ಧ: ಗೇಣು ದೂರದಿಂದ ತೆಗೆದರೆ ಯಾರ ಮೂಗಾದರೂ ಬದನೆಕಾಯಿಯಾಗುತ್ತದೆ. ಒಂದು ಮೀಟರಿಗಿಂತ ಹೆಚ್ಚು ದೂರ ನಿಲ್ಲಬೇಕು.

ಇಂಥ ಅಭ್ಯಾಸದಿಂದ ಏನು ಬಂದೀತೆಂದು ಸಂಶಯಪಡುವವರು ಪ್ರಾಗ್ ನಗರದ ಯೋಸೆಫ್ ಸೂದೆಕ್ ಎಂಬವರ ವಿಷಯವನ್ನು ತಿಳಿಯಬೇಕು. 1896ರಲ್ಲಿ ಹುಟ್ಟಿದ ಇವರು ಮೊದಲನೆಯ ಮಹಾಯುದ್ಧದಲ್ಲಿ ಸಿಪಾಯಿಯಾಗಿದ್ದು ಬಲಗೈಯನ್ನು ಕಳೆದುಕೊಂಡರು. ಒಂದೇ ಕೈಯಲ್ಲಿ ಮರದ ದೊಡ್ಡ ಕ್ಯಾಮರಾ ಹೊತ್ತು ಬಾಳಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾಜಿಗಳ ಕೈವಶವಾಗಿದ್ದ ಊರಿನ ಬೀದಿಗಳಲ್ಲಿ ಕ್ಯಾಮರಾ ಹಿಡಿದು ಅಡ್ಡಾಡುವುದು ಅಪಾಯಕರವಾದಾಗ, ಅಂಗಳದ ಹಿಂದಿದ್ದ ತಮ್ಮ ಪುಟ್ಟ ಮರದ ಮನೆಯೊಳಗೇ ಉಳಿದು, ಅದರ ಕಿಟಕಿಯ ಚಿತ್ರ ತೆಗೆಯತೊಡಗಿದರು. 1940ರಿಂದ 1954ರವರೆಗೆ ಅದೇ ಕಿಟಕಿ! ಒಮ್ಮೆ ಗಾಜಿನ ಮೇಲೆ ಹಬೆ, ಒಮ್ಮೆ ಹಿಮ, ಒಮ್ಮೆ ಇಳಿಯುವ ನೀರಹನಿ, ಆಚೆ ಸೊಟ್ಟಗೆ ಬೆಳೆದ ಒಂದು ಮರ. ಕಿಟಕಿಯ ಹಲಗೆಯ ಮೇಲೆ ನೀರು ತುಂಬಿದ ಗಾಜಿನ ಲೋಟ, ಒಂದು ಮೊಟ್ಟೆ, ಒಂದು ತುಂಡು ರೊಟ್ಟಿ. ಇಂದು ಅವರ ಹೆಸರನ್ನು ಲೋಕ ನೆನೆಯುವುದು ಬಹುಪಾಲು ಈ ಚಿತ್ರಗಳಿಗಾಗಿ. ಹಂಗೇರಿಯಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ನೆಲೆಸಿದ್ದ ಆಂದ್ರೆ ಕೆರ್ತೇಸ್, 1977ರಲ್ಲಿ ಪತ್ನಿ ತೀರಿಕೊಂಡ ಮೇಲೆ, ಅಂಗಡಿಯಲ್ಲಿ ಕಂಡ ಒಂದು ಪುಟ್ಟ ಗಾಜಿನ ಬೊಂಬೆಯ ಕೊರಳು ಭುಜಗಳಲ್ಲಿ ಆಕೆಯ ಹೋಲಿಕೆಯನ್ನು ಕಂಡು ಮನೆಗೆ ತಂದರು. ಅದನ್ನು ತಮ್ಮ ಕಿಟಕಿಯಲ್ಲಿಟ್ಟು, ತಕ್ಷಣ ಚಿತ್ರ ಕೊಡುವ ಪೋಲರಾಯ್ಡ್ ಕ್ಯಾಮರಾದಲ್ಲಿ ಮತ್ತೆ ಮತ್ತೆ ತೆಗೆದರು. 1981ರಲ್ಲಿ ಆ ಚಿತ್ರಗಳು ಪುಸ್ತಕವಾಗಿ ಬಂದಾಗ ಅವರಿಗೆ 87 ವಯಸ್ಸು.

ಇವರಿಬ್ಬರೂ ಕುಶಲಿಗಳು, ನಮಗೆ ಅದು ಎಲ್ಲಿ ಸಾಧ್ಯ ಎನ್ನುವಿರಾದರೆ ಜೇಮೀ ಲಿವಿಂಗ್‌ಸ್ಟನ್ ಎಂಬ ಅಮೆರಿಕದ ತರುಣನ ಉದಾಹರಣೆ ಇದೆ. 1979ರ ಮಾರ್ಚ್ 31ರಂದು, ಕಾಲೇಜು ವಿದ್ಯಾರ್ಥಿಯಾಗಿದ್ದಾಗ, ದಿನಕ್ಕೊಂದೇ ಪೋಲರಾಯ್ಡ್ ಚಿತ್ರ ತೆಗೆಯುವ ಪದ್ಧತಿ ಆತನಲ್ಲಿ ಪ್ರಾರಂಭವಾಯಿತು. ಚೆನ್ನಾಗಿ ಬಂದರೂ ಒಂದೇ, ಕೆಟ್ಟರೂ ಒಂದೇ. ಊಟದ ಮೇಜು, ಗೆಳೆಯರು, ಮನೆಯ ಮೂಲೆ, ಯಾವುದೋ ಚೀಟಿ. ಹದಿನೆಂಟು ವರ್ಷ ನಡೆದ ಈ ಕ್ರಮ 1997ರ ಅಕ್ಟೋಬರ್ 25ರಂದು, ಆತನ 41ನೆಯ ಹುಟ್ಟುಹಬ್ಬದ ದಿನ, ಕಾಯಿಲೆಯಿಂದ ಆತ ತೀರಿಕೊಂಡಾಗ ನಿಂತಿತು. ಆರು ಸಾವಿರಕ್ಕೂ ಮಿಕ್ಕ ಆ ಚಿತ್ರಗಳಲ್ಲಿ ಒಂದೊಂದನ್ನೂ ಬೇರೆ ತೆಗೆದು ನೋಡಿದರೆ ವಿಶೇಷವೇನೂ ಇಲ್ಲದವು ಬಹಳ. ಸಾಲಾಗಿ ನೋಡಿದರೆ ಒಬ್ಬ ಮನುಷ್ಯನ ಆಯುಷ್ಯ ಕಣ್ಣ ಮುಂದೆ ಸರಿಯುತ್ತದೆ. ನಮ್ಮವರೇ ಆದ ಮೈಸೂರಿನ ಟಿ. ಎಸ್. ಸತ್ಯನ್ (1923–2009) ಅವರನ್ನೂ ಇಲ್ಲಿ ಸ್ಮರಿಸಬೇಕು. ದೇಶವಿದೇಶದ ಪತ್ರಿಕೆಗಳಿಗೆ ದುಡಿದು 1977ರಲ್ಲಿ ಪದ್ಮಶ್ರೀ ಪಡೆದ ಅವರ ಚಿತ್ರಗಳಲ್ಲಿ ಮನಸ್ಸಿಗೆ ಹತ್ತುವವು ಮಕ್ಕಳವು ಮತ್ತು ದಿನನಿತ್ಯದ ಕೆಲಸದಲ್ಲಿ ತೊಡಗಿದ ಸಾಮಾನ್ಯರವು.

ವಾರಕ್ಕೊಮ್ಮೆ, ರಜೆಯ ದಿನ, ಏಳು ಚಿತ್ರಗಳನ್ನು ಒಟ್ಟಿಗೆ ನೋಡಬೇಕು. ಒಬ್ಬರೇ ನೋಡುವುದಕ್ಕಿಂತ ಖೋಲಿಯ ಜೊತೆಗಾರರಿಗೆ ತೋರಿಸಿ, ಪ್ರತಿಯೊಂದರ ಪದ ಯಾವುದಿದ್ದೀತೆಂದು ಊಹಿಸಲು ಹೇಳುವುದು ಉತ್ತಮ. ಗಾದೆ ಬಿಡಿಸಿದಂತೆ ಇದೊಂದು ವಿನೋದ. ‘ಕಾಯುವುದು’ ಎಂದು ನೀವು ತೆಗೆದ ಬಾಗಿಲ ಬಳಿಯ ಚಪ್ಪಲಿಗಳ ಚಿತ್ರಕ್ಕೆ ಅವರು ‘ಕೊಳೆ’ ಎಂದರೆ ಕೋಪಗೊಳ್ಳಬಾರದು. ಚಿತ್ರದಲ್ಲಿ ನಿಮಗೆ ಬೇಡದ್ದು ಯಾವುದೋ ಹೆಚ್ಚಾಗಿ ಸೇರಿಕೊಂಡಿದೆ ಎಂದು ಅರ್ಥ. ನಾಲ್ಕು ಅಂಚುಗಳನ್ನೂ ಒಮ್ಮೆ ಕಣ್ಣಿನಿಂದ ಸುತ್ತಿ ನೋಡಿದರೆ ಅದು ಸಿಗುತ್ತದೆ. ಏಳರಲ್ಲಿ ಒಂದನ್ನು ಉಳಿಸಿ ಮಿಕ್ಕವನ್ನು ಬೇರೆಡೆ ಇಡಿರಿ. ಒಂದು ದಿನ ತಪ್ಪಿದರೆ ಮರುದಿನ ಎರಡು ತೆಗೆಯುವ ಪ್ರಾಯಶ್ಚಿತ್ತ ಅಗತ್ಯವಿಲ್ಲ. ತಪ್ಪಿದ ದಿನ ತಪ್ಪಿತು, ಆ ಚೀಟಿ ಡಬ್ಬಿಗೆ ಮರಳಲಿ.

ಎರಡು ಎಚ್ಚರಿಕೆಗಳು. ನಾಲ್ವರಿರುವ ಖೋಲಿ ನಾಲ್ವರದು. ಮಲಗಿದವರನ್ನೋ ಬಟ್ಟೆ ಬದಲಿಸುವವರನ್ನೋ, ಎದುರು ಸಾಲಿನ ಕಿಟಕಿಯವರನ್ನೋ ಕೇಳದೆ ತೆಗೆಯುವುದು ಸಭ್ಯತನವಲ್ಲ. ಹಾಗೆಯೇ, ಊರಿಗೆ ಕಳುಹುವ ಚಿತ್ರದ ಹಿನ್ನೆಲೆಯಲ್ಲಿ ಬ್ಯಾಂಕಿನ ಪುಸ್ತಕ, ಆಧಾರ್ ಚೀಟಿ, ಗೋಡೆಗೆ ಅಂಟಿಸಿದ ಗುಪ್ತಸಂಖ್ಯೆಗಳು ಕಾಣದಂತೆ ನೋಡಿಕೊಳ್ಳಿರಿ. ಅದರ ಹೊರತು ಖೋಲಿಯನ್ನು ಚಿತ್ರಕ್ಕಾಗಿ ಶೃಂಗರಿಸಬಾರದು. ಮಡಿಸಿಟ್ಟ ಹಾಸಿಗೆ, ಮೊಳೆಗೆ ತಗುಲಿಹಾಕಿದ ಚೀಲ, ರೇಷನ್ ಅಕ್ಕಿಯ ಡಬ್ಬಿ, ಇವು ಇದ್ದಲ್ಲೇ ಇರಲಿ. ನಾಚಿಕೆಯಿಂದ ಅವುಗಳನ್ನು ಮರೆಮಾಡಿದರೆ ಮತ್ತೆ ಸ್ಟುಡಿಯೋದ ಸರೋವರಕ್ಕೇ ಹಿಂತಿರುಗಿದಂತಾಯಿತು.

ಈ ಖೋಲಿಗಳು ಎಷ್ಟು ಕಾಲ ಇರುತ್ತವೆ ಎಂಬ ಪ್ರಶ್ನೆಯೂ ಇದೆ. ಮುಂಬಯಿಯ ವರಳಿ, ನಾಯಗಾಂವ್, ಎನ್. ಎಂ. ಜೋಶಿ ಮಾರ್ಗಗಳ ಬಿ.ಡಿ.ಡಿ. ಚಾಳುಗಳು 1920ರ ದಶಕದಲ್ಲಿ ಎದ್ದವು. ಒಂದೊಂದು ಖೋಲಿ 160 ಚದರ ಅಡಿ. ಗಿರಣಿಯವರು, ರೈಲಿನವರು, ಪೊಲೀಸರು ಮೂರು ನಾಲ್ಕು ತಲೆಮಾರು ಅಲ್ಲಿ ಬಾಳಿದರು. ಈಗ ಅವುಗಳನ್ನು ಸರದಿಯಂತೆ ಕೆಡವಿ ಗಗನಚುಂಬಿ ಕಟ್ಟಡಗಳನ್ನು ಏರಿಸಲಾಗುತ್ತಿದೆ. ಹೊಸ ಮನೆ ದೊಡ್ಡದು, ಒಳಗೇ ಶೌಚಗೃಹ, ಯಾರೂ ಬೇಡವೆನ್ನರು. ಆದರೆ ಸಾಲುಹಜಾರದ ನಲ್ಲಿಯ ಮುಂದೆ ಕೊಡಗಳ ಸಾಲು ಬೆಳಗಿನ ಐದೂವರೆಗೆ ಹೇಗೆ ಕಾಣುತ್ತಿತ್ತೆಂದು ಮೊಮ್ಮಗಳು ಕೇಳಿದರೆ ತೋರಿಸಲು ಏನಿದೆ? ಕಟ್ಟಡದ ಹೊರಮೈಯನ್ನು ಪತ್ರಿಕೆಯವರು ತೆಗೆದಿರುತ್ತಾರೆ. ಒಳಗಿನ ಗೂಡನ್ನು ಅಲ್ಲಿದ್ದವರೇ ತೆಗೆಯಬೇಕು. ಚಾಳಿಗೆ ಮಾತ್ರವಲ್ಲ, ಮಾಲೀಕನು ಮುಂದಿನ ತಿಂಗಳು ತೆರವು ಮಾಡಿಸಬಹುದಾದ ಯಾವ ಬಾಡಿಗೆ ಕೋಣೆಗೂ ಈ ಮಾತು ಅನ್ವಯಿಸುತ್ತದೆ.

ತೆಗೆದುದನ್ನು ಉಳಿಸುವ ಬಗೆಯನ್ನೂ ಹೇಳಿಬಿಡಬೇಕು. ದೂರವಾಣಿ ರೈಲಿನಲ್ಲಿ ಕಳೆಯುತ್ತದೆ, ನೀರಿಗೆ ಬೀಳುತ್ತದೆ, ಮೂರು ವರ್ಷದಲ್ಲಿ ಸಾಯುತ್ತದೆ. ವಾಟ್ಸಾಪಿನಲ್ಲಿ ಸಾಮಾನ್ಯವಾಗಿ ಕಳುಹಿದ ಚಿತ್ರ ಕುಗ್ಗಿಹೋಗುತ್ತದೆ. ಕಡತವೆಂದು ಆರಿಸಿ ಕಳುಹಿದರೆ ಇದ್ದಂತೆ ತಲಪುತ್ತದೆ. ಎಲ್ಲಕ್ಕಿಂತ ಭದ್ರವಾದದ್ದು ಕಾಗದ. ವಾರಕ್ಕೊಂದರಂತೆ ಉಳಿಸಿದವುಗಳಲ್ಲಿ ತಿಂಗಳಿಗೆ ಎರಡನ್ನು ಅಂಗಡಿಯಲ್ಲಿ ಅಚ್ಚು ಹಾಕಿಸಿರಿ: ಒಂದು ನಿಮಗೆ, ಒಂದು ಊರಿಗೆ. ಚಿತ್ರದ ಬೆನ್ನಿನ ಮೇಲೆ ಬಾಲ್‌ಪೆನ್ನು ಒತ್ತಿ ಬರೆದರೆ ಗೆರೆ ಮುಂದಕ್ಕೆ ಉಬ್ಬುತ್ತದೆ, ಶಾಯಿ ಕೆಳಗಿನ ಚಿತ್ರಕ್ಕೆ ಅಂಟುತ್ತದೆ. ನುಣುಪು ಕಾಗದಕ್ಕೆ ಪೆನ್ಸಿಲು ಹತ್ತುವುದಿಲ್ಲ. ಆದುದರಿಂದ ಒಂದೊಂದನ್ನೂ ಬೇರೆ ಬೇರೆ ಕಾಗದದ ಲಕೋಟೆಯಲ್ಲಿ ಹಾಕಿ, ಬರವಣಿಗೆಯೇನಿದ್ದರೂ ಲಕೋಟೆಯ ಮೇಲೆ ಇರಲಿ: ತಾರೀಖು, ಊರು, ಬೀದಿ, ಮಹಡಿ, ಖೋಲಿಯ ನಂಬರು, ಆ ದಿನ ಡಬ್ಬಿಯಿಂದ ಬಂದ ಪದ.